ಚಿಲಕ ಒಳಗಡೆ ಇರಲಿ

ಆ ಮನೆಯಲ್ಲಿ ಎಲ್ಲರಿಗೂ ಮಲಗುವುದಕ್ಕೆ ಒಂದೊಂದು ಜಾಗ ಇತ್ತು. ಪೀಟಿ ಅತ್ತೆಗೆ ಮಾತ್ರ ಒಂದು ಹೊತ್ತು ಇತ್ತು. ಹಾಲ್‌ನ ಟೀವಿ ಆರಿದ ಮೇಲೆ ಅವಳು ಮಡಿಸುವ ಮಂಚವನ್ನು ಬಿಡಿಸಬೇಕು. ಬೆಳಿಗ್ಗೆ ಹಾಲಿನವನು ಗಂಟೆ ಒತ್ತುವಷ್ಟರಲ್ಲಿ ಅದನ್ನು ಮಡಿಸಿ ಬಾಗಿಲ ಸಂದಿಗೆ ನಿಲ್ಲಿಸಬೇಕು. ನಡುವೆ ಸಿಕ್ಕಿದ್ದು ನಿದ್ದೆ.

ಬೀದಿ ಬಾಗಿಲಿಗೆ ಹತ್ತಿರ ಮಲಗುವವಳಾದ್ದರಿಂದ, ಯಾರು ಬಂದರೂ ಬಾಗಿಲು ತೆಗೆಯುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂದಿತ್ತು. ಹಾಲು, ಪೇಪರು, ಗ್ಯಾಸು, ಕೆಲಸದಿಂದ ತಡವಾಗಿ ಬರುವ ಅಣ್ಣನ ಮಗ, ಬೀಗದ ಕೈ ಮರೆತು ಹೋದ ಅವನ ಹೆಂಡತಿ, ತಪ್ಪು ಮನೆಯ ಗಂಟೆ ಒತ್ತಿದವರು. ಹುಡುಗಿಯರ ಶಾಲೆಯಲ್ಲಿ ಪೀಟಿ, ಅಂದರೆ ಆಟದ ಟೀಚರಾಗಿದ್ದು ನಿವೃತ್ತಿಯಾದವಳು. ಅಲ್ಲಿ ಅವಳು ಸೀಟಿ ಊದಿದರೆ ಇಡೀ ಶಾಲೆ ಎದ್ದು ಸಾಲಾಗಿ ನಿಲ್ಲುತ್ತಿತ್ತು. ಇಲ್ಲಿ ಗಂಟೆ ಹೊಡೆದರೆ ಅವಳೊಬ್ಬಳೇ ಎದ್ದು ನಿಲ್ಲುತ್ತಿದ್ದಳು.

ಮದುವೆಯಾಗಿರಲಿಲ್ಲ. ಅಪ್ಪ ಕಟ್ಟಿಸಿದ ಮನೆಯಲ್ಲಿ ಅಣ್ಣನ ಜೊತೆಗೇ ಉಳಿದಿದ್ದಳು. ಅಣ್ಣನಿಗೆ ಸೊಸೆ ಬಂದಾಗ ಮನೆಯಲ್ಲಿ ಇಬ್ಬರು ಅತ್ತೆಯರಾಗಿ ಗಲಿಬಿಲಿಯಾಯಿತು. ಆ ಸೊಸೆಯೇ ಒಬ್ಬರನ್ನು ಅತ್ತೆ, ಇನ್ನೊಬ್ಬರನ್ನು ಪೀಟಿ ಅತ್ತೆ ಎಂದು ಬೇರೆ ಮಾಡಿದಳು. ಆಮೇಲೆ ಹುಟ್ಟಿದ ಮೊಮ್ಮಗಳಿಗೆ ಅವಳು ಪೀಟಿ ಅಜ್ಜಿಯಾದಳು.

ಹಳೆಯ ಮನೆಯನ್ನು ಒಡೆದು ದೊಡ್ಡದು ಮಾಡುವ ಸುದ್ದಿಯನ್ನು ಅಣ್ಣ ಊಟಕ್ಕೆ ಕೂತಾಗ ಹೇಳಿದ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾನೇ ನಕ್ಷೆ ಬರೆದಿದ್ದ. ನೀರು ಸರಬರಾಜು ಕಚೇರಿಯಲ್ಲಿ ಆಯುಷ್ಯ ಕಳೆದವನು. ನಕ್ಷೆಯಲ್ಲಿ ಮೊದಲು ಪೈಪುಗಳನ್ನು ಎಳೆದು, ಉಳಿದ ಜಾಗದಲ್ಲಿ ಕೋಣೆಗಳನ್ನು ಕೂರಿಸಿದ್ದ.

"ಮೇಲೆ ಎರಡು ರೂಮು, ಮಗನಿಗೆ. ಹಿತ್ತಲ ಕಡೆಗೆ ಹೊಸ ಅಡಿಗೆಮನೆ. ಹಳೇ ಅಡಿಗೆಮನೆ ಖಾಲಿ ಆಗುತ್ತೆ," ಎಂದು ಬೆರಳಿಟ್ಟು ತೋರಿಸಿದ. "ಇದು ನಿಂದು."

ಪೀಟಿ ಅತ್ತೆ ತಟ್ಟೆಯಿಂದ ತಲೆ ಎತ್ತಿದಳು. "ನಂದಾ?"

"ಮತ್ತೆ ಯಾರದು? ಎಷ್ಟು ದಿನ ಅಂತ ಹಾಲ್‌ನಲ್ಲಿ ಮಲಗ್ತೀಯೆ."

"ನನಗೆ ಯಾವುದಾದ್ರೂ ಆಗುತ್ತಪ್ಪ," ಎಂದಳು. ಇದು ಅವಳ ಖಾಯಂ ಮಾತು. ಬಟ್ಟೆ ಅಂಗಡಿಯಲ್ಲಿ, ಬಸ್ಸಿನ ಸೀಟಿನಲ್ಲಿ, ಊಟದ ಕೊನೆಯಲ್ಲಿ ಪಾತ್ರೆಯ ತಳದಲ್ಲಿ ಉಳಿದ ಪಲ್ಯದ ಮುಂದೆ, ಎಲ್ಲೆಲ್ಲೂ ಅದನ್ನೇ ಹೇಳುತ್ತಿದ್ದಳು. ಆದರೆ ಅಂದು ಕೈ ತೊಳೆಯುವಾಗ ಹಳೆಯ ಅಡಿಗೆಮನೆಯ ಬಾಗಿಲನ್ನು ಒಮ್ಮೆ ಎಳೆದು ಮುಚ್ಚಿ ನೋಡಿದಳು. ಅದು ಕರ್ರೆಂದಿತು.

"ಏನಾಯ್ತು?" ಎಂದು ಅತ್ತಿಗೆ ಕೂಗಿದಳು.

"ಏನಿಲ್ಲ, ಗಾಳಿ," ಎಂದಳು.

ಮೇಸ್ತ್ರಿ ಬಂದ. ಕಡಿಮೆ ಮಾತಿನ, ಬಾಯಲ್ಲಿ ಸದಾ ಒಂದು ಏಲಕ್ಕಿ ಸಿಪ್ಪೆ ಇಟ್ಟುಕೊಂಡ ಮನುಷ್ಯ. ಮೊದಲ ವಾರ ಒಂದೇ ಒಂದು ಪ್ರಶ್ನೆ ಕೇಳಿ ಕೆಟ್ಟ.

"ಸಾರ್, ನಕ್ಷೆ ಪ್ರಕಾರ ಈ ಪೈಪು ಕಿಟಕಿ ಮಧ್ಯದಲ್ಲಿ ಹಾದು ಹೋಗುತ್ತೆ. ಪರವಾಗಿಲ್ವಾ?"

"ನೀನು ಮೇಸ್ತ್ರಿನೋ ಇಂಜಿನಿಯರೋ?" ಎಂದ ಅಣ್ಣ. "ಈ ಊರಿಗೆ ನೀರು ಕುಡಿಸಿದವನು ನಾನು. ಮನೆಯವರು ಏನು ಹೇಳ್ತಾರೋ ಅದನ್ನ ಮಾಡು. ಹೇಳಿದ್ದು ಮಾಡಿದ್ರೆ ಸಾಕು."

ಅಂದಿನಿಂದ ಮೇಸ್ತ್ರಿ ಪ್ರಶ್ನೆ ಕೇಳುವುದನ್ನು ಬಿಟ್ಟ. ಏನು ಹೇಳಿದರೂ "ಆಯ್ತು." ಪೈಪನ್ನು ಕಿಟಕಿಯ ಮಧ್ಯದಲ್ಲೇ ತಂದ. ಅಣ್ಣ ಬಂದು ನೋಡಿ, ಅದು ಯಾರ ತಪ್ಪು ಎಂದು ಸ್ವಲ್ಪ ಹೊತ್ತು ಹುಡುಕಿ, ಕಿಟಕಿಯನ್ನು ಆಚೆ ಸರಿಸಲು ಹೇಳಿದ. ಮೇಸ್ತ್ರಿ "ಆಯ್ತು" ಎಂದ.

ಮಹಡಿಗೆ ತಾರಸಿ ಬಿದ್ದ ಮೇಲೆ ಕೆಳಗೆ ಒಡೆಯುವ ಕೆಲಸ ಶುರುವಾಯಿತು. ಎಲ್ಲರೂ ಮೇಲಕ್ಕೆ ಗುಳೆ ಎದ್ದರು. ಅಲ್ಲಿ ಎರಡು ಕೋಣೆ ಇದ್ದವು, ಬಾಗಿಲು ಇನ್ನೂ ಬಂದಿರಲಿಲ್ಲ. ಹೊರಗಿನ ಮೆಟ್ಟಿಲ ತುದಿಯಲ್ಲಿ ಟಾರ್ಪಾಲಿನ ಕೆಳಗೆ ಸಿಮೆಂಟು ಮೂಟೆಗಳ ಪಕ್ಕ ಒಲೆ ಇಟ್ಟು ಅತ್ತಿಗೆ ಅನ್ನ ಬೇಳೆ ಬೇಯಿಸುತ್ತಿದ್ದಳು. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಮೊಮ್ಮಗಳು ಅದನ್ನು ಬೆರಳಲ್ಲಿ ಹಿಡಿದು, "ಇದು ಅಕ್ಕೀದಾ, ಮನೇದಾ?" ಎಂದು ಕೇಳುತ್ತಿದ್ದಳು.

"ಮನೇದಾದ್ರೆ ಎತ್ತಿಡು. ಗೋಡೆಗೆ ಬೇಕಾಗುತ್ತೆ," ಎನ್ನುತ್ತಿದ್ದ ಅವಳ ಅಪ್ಪ.

"ನಿನಗೇನಪ್ಪ ತಮಾಷೆ, ಹೊಟ್ಟೆ ತುಂಬ ಆಫೀಸಲ್ಲಿ ತಿಂದು ಬಂದಿರ್ತೀಯ," ಎನ್ನುತ್ತಿದ್ದಳು ಅತ್ತಿಗೆ.

ಪೀಟಿ ಅತ್ತೆಗೆ ಮೇಲೆ ಸಿಕ್ಕಿದ ಜಾಗ ಎರಡು ಕೋಣೆಗಳ ನಡುವಿನ ಓಡಾಡುವ ದಾರಿ. ರಾತ್ರಿ ಬಚ್ಚಲಿಗೆ ಹೋಗುವವರೆಲ್ಲ ಅವಳ ಮಂಚ ದಾಟಿ ಹೋಗುತ್ತಿದ್ದರು, ಅಣ್ಣ ಪ್ರತಿ ಸಲವೂ ಮೊಳಕಾಲು ತಗುಲಿಸಿಕೊಂಡು "ಮಲಗಿದ್ದೀಯಾ?" ಎಂದು ಕೇಳುತ್ತಿದ್ದ. ಅವಳು ಮಗ್ಗುಲು ಬದಲಿಸುತ್ತಿದ್ದಳು. ಕೆಳಗೆ ಇಳಿದು ತನ್ನ ಕೋಣೆ ಹೇಗೆ ಏಳುತ್ತಿದೆ ಎಂದು ನೋಡಲೂ ಹೋಗಲಿಲ್ಲ. ತೀರ ಆಸೆಪಟ್ಟು ನೋಡಿದರೆ ಯಾರಾದರೂ ಗಮನಿಸಿ, ಅದು ಬೇರೆ ಯಾವುದಕ್ಕೋ ಉಪಯೋಗವಾಗುತ್ತದೆ ಎಂದು ಕಂಡುಕೊಂಡುಬಿಡಬಹುದು ಎಂಬುದು ಅವಳ ಲೆಕ್ಕ. ಅವಳ ಬೀರುವನ್ನು ಮಾತ್ರ ಕೆಲಸದವರು ಮುಂಚೆಯೇ ಹಳೆಯ ಅಡಿಗೆಮನೆಗೆ ಸಾಗಿಸಿ ಪ್ಲಾಸ್ಟಿಕ್ ಹೊದಿಸಿಟ್ಟಿದ್ದರು.

ಮೇಲಿಂದ ಬಗ್ಗಿ ನೋಡಿದರೆ ಬೇರೆಯವರು ಇಳಿಯುವುದು ಕಾಣುತ್ತಿತ್ತು. ಒಂದು ದಿನ ಅತ್ತಿಗೆ ಟೇಪು ಹಿಡಿದು ಇಳಿದಳು, ಮೇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿ ಹತ್ತಿದಳು. ಇನ್ನೊಂದು ದಿನ ಅಣ್ಣನ ಸೊಸೆ. ಮತ್ತೊಂದು ದಿನ ಅಣ್ಣ, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು. ಪ್ರತಿ ಸಲವೂ ಮೇಸ್ತ್ರಿ ಗೋಣು ಆಡಿಸಿ "ಆಯ್ತು" ಎನ್ನುವುದು ಮೇಲಿನವರೆಗೂ ಕೇಳುತ್ತಿತ್ತು.

ಕೊನೆಗೆ ಅವಳಿಗೂ ತಡೆಯಲಾಗಲಿಲ್ಲ. ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಇದ್ದಬದ್ದ ಚಿಲಕಗಳನ್ನೆಲ್ಲ ಜಾರಿಸಿ ನೋಡಿ, ಬೆರಳಿಗೆ ಹಗುರಾಗಿ ಓಡುವ ಒಂದು ಹಿತ್ತಾಳೆ ಚಿಲಕ ಕೊಂಡಳು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮೇಸ್ತ್ರಿ ಗೇಟಿನ ಹತ್ತಿರ ಚಹಾ ಕುಡಿಯುವಾಗ ಹೋಗಿ ನಿಂತಳು.

"ಮೇಸ್ತ್ರೀ, ಒಂದು ಮಾತು. ನನ್ನ ರೂಮಿಗೆ ಚಿಲಕ ಒಳಗಡೆ ಇರಲಿ."

ಮೇಸ್ತ್ರಿ ಚಿಲಕವನ್ನು ಕೈಗೆ ತೆಗೆದುಕೊಂಡು ನೋಡಿದ, ಅವಳನ್ನು ನೋಡಿದ. ಏಲಕ್ಕಿ ಸಿಪ್ಪೆಯನ್ನು ಆ ದವಡೆಯಿಂದ ಈ ದವಡೆಗೆ ಬದಲಿಸಿದ. "ಅಮ್ಮಾ, ಬಾಗಿಲು ಯಾವ ಕಡೆಗೆ ಬೇಕು ಅಂತ ನೀವು ಹೇಳಿಬಿಟ್ರೆ..."

ಅವನ ಬಾಯಿಂದ ಮತ್ತೆ ಪ್ರಶ್ನೆ ಬಂದದ್ದು ಅದೊಂದೇ ಸಲ.

"ಅದೆಲ್ಲ ಮನೆಯವರನ್ನ ಕೇಳಿ. ನನಗೆ ಯಾವ ಕಡೆಯಾದ್ರೂ ಆಗುತ್ತೆ," ಎಂದಳು. "ಚಿಲಕದ ವಿಷಯ ಯಾರಿಗೂ ಹೇಳ್ಬೇಡಿ. ಆಮೇಲೆ ನಾನೇ ಹೇಳ್ತೀನಿ."

"ಆಯ್ತು," ಎಂದ ಮೇಸ್ತ್ರಿ, ಮತ್ತು ಚಿಲಕವನ್ನು ಅವಳಿಗೇ ವಾಪಸು ಕೊಟ್ಟ.

ಗೋಡೆಗಳಿಗೆ ಸಿಮೆಂಟು ಬಳಿಯುವ ಗಿಲಾವು ಮುಗಿದು, ಬಣ್ಣದ ಮೊದಲ ಕೋಟು ಒಣಗಿದ ಭಾನುವಾರ ಎಲ್ಲರೂ ಸಾಲಾಗಿ ಕೆಳಗಿಳಿದರು. ಅಣ್ಣ ಮುಂದೆ. ಹಾಲ್‌ನಲ್ಲಿ ನಿಂತು ಕೈ ಚಾಚಿದ. "ನೋಡಿ, ಎಷ್ಟು ದೊಡ್ಡದಾಗಿ ಕಾಣುತ್ತೆ."

"ಕಂಡೇ ಕಾಣುತ್ತೆ ಮಾವ. ಈ ಗೋಡೆಗೆ ಟೀವಿ, ಕೆಳಗೆ ಶೋಕೇಸು," ಎಂದಳು ಸೊಸೆ.

ಹೊಸ ಅಡಿಗೆಮನೆಗೆ ಹೋದರು. ಅತ್ತಿಗೆ ಕಪ್ಪು ಕಲ್ಲಿನ ಕಟ್ಟೆಯ ಮೇಲೆ ಕೈ ಆಡಿಸಿದಳು. ಗೋಡೆಯುದ್ದಕ್ಕೂ ಕಪಾಟು. ಅಣ್ಣನ ಮಲಗುವ ಕೋಣೆಗೆ ಹೋದರು. ಅಲ್ಲಿ ಗೋಡೆಯೊಳಗೆ ಎರಡು ಪೈಪು ಇಳಿದಿವೆ ಎಂದು ಅಣ್ಣ ಹೇಳಿದ. ಕಾಣದಿದ್ದರೂ ಎಲ್ಲರೂ ನೋಡಿದರು. ಮತ್ತೆ ಹಾಲ್‌ಗೆ ಬಂದರು.

"ಅತ್ತೆ ರೂಮು?" ಎಂದ ಅಣ್ಣನ ಮಗ.

"ಅಡಿಗೆಮನೆ ಕಡೆಯಿಂದ," ಎಂದಳು ಅವನ ಹೆಂಡತಿ.

"ಇಲ್ಲಪ್ಪ, ಹಾಲ್ ಕಡೆಯಿಂದ," ಎಂದಳು ಅತ್ತಿಗೆ.

ಮೆರವಣಿಗೆ ಇನ್ನೊಂದು ಸುತ್ತು ಹೊರಟಿತು. ಹಾಲ್, ಅಡಿಗೆಮನೆ, ಮಲಗುವ ಕೋಣೆ, ಹಾಲ್. ಮೂರನೆಯ ಸುತ್ತಿಗೆ ಅಣ್ಣ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟತೊಡಗಿದ.

ಅಷ್ಟರಲ್ಲಿ ಹೊರಗಿನಿಂದ ಮೊಮ್ಮಗಳ ದನಿ ಬಂತು. ಅವಳು ಪಕ್ಕದ ಓಣಿಯಲ್ಲಿ ಮರಳ ಗುಡ್ಡೆಯ ಮೇಲೆ ನಿಂತು ಇನ್ನೂ ಸರಳು ಹಾಕದ ಕಿಟಕಿಯಿಂದ ಒಳಗೆ ಇಣುಕುತ್ತಿದ್ದಳು.

"ಪೀಟಿ ಅಜ್ಜಿ, ನಿಮ್ಮ ರೂಮು ಇಲ್ಲಿದೆ. ತುಂಬ ಚೆನ್ನಾಗಿದೆ. ಬೀರುನೂ ಇದೆ. ಬಾಗಿಲು ಮಾತ್ರ ಇಲ್ಲ."

ಮೇಸ್ತ್ರಿಯನ್ನು ಕರೆಸಿದರು. ಅವನು ಹಾಲ್‌ನ ಮಧ್ಯದಲ್ಲಿ ನಿಂತು, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ ಹೇಳಿದ. "ಮೂರು ಕಡೆ ದಾರಿ ಇತ್ತು. ಹಾಲ್ ಕಡೆ ಹಳೇ ಬಾಗಿಲು. ಇನ್ನೆರಡು ನಾವು ಸಾಮಾನು ಸಾಗ್ಸೋಕೆ ಒಡ್ಕೊಂಡಿದ್ದು. ದೊಡ್ಡಮ್ಮ ಬಂದು, ಕಪಾಟು ಬೇಕು, ಅಡಿಗೆಮನೆ ಕಡೇದು ಮುಚ್ಚು, ಹಾಲ್ ಕಡೇದು ಇದ್ದೇ ಇದೆ ಅಂದ್ರು. ಮುಚ್ಚಿದೆ. ಸೊಸೆಯಮ್ಮ ಬಂದು, ಟೀವಿಗೆ ಗೋಡೆ ಬೇಕು, ಹಾಲ್ ಕಡೇದು ಮುಚ್ಚು, ಅಡಿಗೆಮನೆ ಕಡೆ ಇದ್ದೇ ಇದೆ ಅಂದ್ರು. ಮುಚ್ಚಿದೆ."

"ಅದು ಆಗಲೇ ಮುಚ್ಚಿತ್ತಲ್ಲಯ್ಯ," ಎಂದ ಅಣ್ಣ.

"ಯಾರಿಗೂ ಹೇಳ್ಬೇಡ ಅಂದಿದ್ರು ದೊಡ್ಡಮ್ಮ. ಆಮೇಲೆ ನೀವು ಬಂದು, ಧೂಳು ಬರುತ್ತೆ, ನಮ್ಮ ರೂಮಿಂದು ಮುಚ್ಚು, ಇನ್ನೂ ಎರಡು ಇದ್ದಾವೆ ಅಂದ್ರಿ."

"ನಿನಗೆ ಬುದ್ಧಿ ಇಲ್ವಾ? ಹೀಗಾಗುತ್ತೆ ಅಂತ ಒಂದು ಮಾತು ಕೇಳೋದಲ್ವಾ?"

"ಕೇಳ್ಬೇಡ ಅಂದಿದ್ರಿ ಸಾರ್."

"ಮತ್ತೆ ನಿನ್ನ ಕೆಲಸದವನು ಒಳಗೆ ಗಿಲಾವು ಮಾಡಿ ಹೇಗೆ ಆಚೆ ಬಂದ?"

"ಕಿಟಕಿಯಿಂದ ನೆಗೆದ."

ಮೇಸ್ತ್ರಿ ಹೊರಡುವಾಗ ಪೀಟಿ ಅತ್ತೆಯ ಕಡೆ ಒಮ್ಮೆ ನೋಡಿದ. ತನ್ನದೂ ಒಂದು ಗುಟ್ಟು ಅವನ ಹತ್ತಿರ ಇದೆ ಎಂದು ಅವಳಿಗೆ ನೆನಪಾಯಿತು. ಅವನು ಅದನ್ನು ಹೇಳಲಿಲ್ಲ. ಹೇಳಿದ್ದರೆ, ಬಾಗಿಲೇ ಇಲ್ಲದ ಕೋಣೆಗೆ ಚಿಲಕ ಕೊಂಡ ಅವಳೇ ಎಲ್ಲರಿಗಿಂತ ದೊಡ್ಡ ಪೆದ್ದಿ ಆಗುತ್ತಿದ್ದಳು.

ಯಾವ ಗೋಡೆ ಒಡೆಯುವುದು ಎಂಬ ಮಾತು ಆ ಮಧ್ಯಾಹ್ನದ ಊಟದಲ್ಲಿ ಶುರುವಾಗಿ, ಮುಂದಿನ ಎಲ್ಲ ಊಟಗಳಲ್ಲೂ ನಡೆಯಿತು.

"ಕಪಾಟು ತೆಗೀರಿ," ಎಂದ ಅಣ್ಣ.

"ಇಷ್ಟು ವರ್ಷ ಡಬ್ಬಗಳನ್ನ ಮಂಚದ ಕೆಳಗೆ ಇಟ್ಕೊಂಡು ಅಡಿಗೆ ಮಾಡಿದೀನಿ. ಕಪಾಟು ತೆಗೆದ್ರೆ ನೀವೇ ಬೇಯಿಸ್ಕೊಳ್ಳಿ," ಎಂದಳು ಅತ್ತಿಗೆ. "ಟೀವಿ ತೆಗೀಲಿ."

"ಟೀವಿ ಎಲ್ಲಿ ಹಾಕೋದು ಅತ್ತೆ? ತಾರಸಿ ಮೇಲಾ?" ಎಂದಳು ಸೊಸೆ. "ಮಾವನ ರೂಮಿನ ಗೋಡೆ ಖಾಲಿನೇ ಇದೆಯಲ್ಲ."

"ಖಾಲಿ? ಅದರೊಳಗೆ ಬಿಸಿನೀರು ಒಂದು, ತಣ್ಣೀರು ಒಂದು ಹರಿತಾ ಇದೆ. ಒಡೆದ್ರೆ ಹಾಸಿಗೆ ಮೇಲೆ ಈಜಬೇಕಾಗುತ್ತೆ."

"ಅಮ್ಮಂಗೆ ಈಜು ಬರಲ್ಲ," ಎಂದ ಅಣ್ಣನ ಮಗ. ಅವನಿಗೆ ಯಾವ ಗೋಡೆಯೂ ಇಲ್ಲದ್ದರಿಂದ ಊಟ ಸೇರುತ್ತಿತ್ತು.

ಈ ದಿನಗಳಲ್ಲಿ ಪೀಟಿ ಅತ್ತೆಯ ಕೈಯಲ್ಲಿದ್ದದ್ದು ಎರಡೇ ಸೀರೆ. ಮಿಕ್ಕವು ಒಳಗಿನ ಬೀರುವಿನಲ್ಲಿದ್ದವು. ಬೇಕಾದಾಗ ಮೊಮ್ಮಗಳು ಸ್ಕೂಲಿಂದ ಬಂದು, ಸ್ಟೂಲು ಹಾಕಿ, ಕಿಟಕಿಯಿಂದ ಒಳಗಿಳಿದು ಒಂದೊಂದೇ ಎತ್ತಿ ತೋರಿಸುತ್ತಿದ್ದಳು.

"ನೀಲಿದಾ, ಹಸಿರುದಾ?"

"ಯಾವುದಾದ್ರೂ ಕೊಡು."

"ಯಾವುದಾದ್ರೂ ಅಂತ ಯಾವ ಸೀರೆನೂ ಇಲ್ಲಿಲ್ಲ ಅಜ್ಜಿ. ಬೇಗ ಹೇಳಿ, ನನಗೆ ಟ್ಯೂಷನ್ನಿದೆ."

ಪೀಟಿ ಅತ್ತೆ ಓಣಿಯಲ್ಲಿ ನಿಂತು ಯೋಚಿಸಿದಳು. "ನೀಲಿ," ಎಂದಳು. ಹೇಳಿದ ಮೇಲೆ ಅದೇನು ಅಂಥ ಕಷ್ಟವಾಗಿರಲಿಲ್ಲ ಅನ್ನಿಸಿತು.

ರಾತ್ರಿ ಮತ್ತೆ ಹಾಲ್‌ನಲ್ಲೇ ಮಂಚ. ಹೊಸ ಟೀವಿ ಹಳೆಯದಕ್ಕಿಂತ ದೊಡ್ಡದು, ಆರುವುದೂ ತಡ. ಗಂಟೆ ಕೂಡ ಹೊಸದು. ಒತ್ತಿದರೆ ಹಕ್ಕಿಯ ಹಾಗೆ ಕೂಗುತ್ತಿತ್ತು. ಏಳುವವಳು ಮಾತ್ರ ಹಳಬಳೇ.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಸೊಸೆ ಮೊಟ್ಟೆ ಸುಲಿಯುತ್ತ ಹೇಳಿದಳು. "ಒಂದು ಮಾತು ಹೇಳ್ಲಾ? ಸುಮ್ನೆ ಜಗಳ ಯಾಕೆ. ಅದನ್ನ ಹಾಗೇ ಬಿಟ್ಟು ಸ್ಟೋರು ಮಾಡೋಣ. ಕಿಟಕಿಯಿಂದ ಸಾಮಾನು ಹಾಕಿದ್ರಾಯ್ತು. ಪೀಟಿ ಅತ್ತೆಗೆ ಹೇಗೂ ಹಾಲ್ ಅಭ್ಯಾಸ ಆಗಿಬಿಟ್ಟಿದೆ."

ಅತ್ತಿಗೆ ಸಾರು ಬಡಿಸಿದಳು. ಕೇಳದಿದ್ದರೂ ಸೊಸೆಗೆ ಇನ್ನೊಂದು ಸೌಟು ಹಾಕಿದಳು. ಕಪಾಟು ಉಳಿಯಿತು, ಟೀವಿ ಉಳಿಯಿತು, ಪೈಪು ಉಳಿಯಿತು. ವಾರಗಳಿಂದ ಅಷ್ಟು ನೆಮ್ಮದಿಯ ಊಟ ಆ ಮನೆಯಲ್ಲಿ ಆಗಿರಲಿಲ್ಲ.

ಅಣ್ಣ ತಂಗಿಯ ಕಡೆ ನೋಡದೆ ಕೇಳಿದ. "ಏನಂತೀಯೆ? ನಿನಗೇನು ತೊಂದರೆ ಇಲ್ಲ ತಾನೆ?"

ಅವಳ ಖಾಯಂ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದರ ಮೇಲೆ ಒಂದು ತುತ್ತು ಅನ್ನ ಇಟ್ಟು ನುಂಗಿದಳು.

"ಕೈ ತೊಳ್ಕೊಂಡು ಬರ್ತೀನಿ," ಎಂದಳು.

ಕೈ ತೊಳೆದು, ಬೀದಿ ಬಾಗಿಲಿಂದ ಇಳಿದು, ನೇರ ಮುಂದಿನ ಬೀದಿಗೆ ಹೋದಳು. ಅಲ್ಲಿ ಮೇಸ್ತ್ರಿ ಇನ್ನೊಬ್ಬರ ಕಾಂಪೌಂಡು ಕಟ್ಟುತ್ತಿದ್ದ.

"ಮೇಸ್ತ್ರೀ, ನಮ್ಮ ಓಣಿ ಕಡೆ ಕಿಟಕಿ ಇದೆಯಲ್ಲ, ಅದನ್ನ ನೆಲದ ತನಕ ಒಡೆದು ಬಾಗಿಲು ಮಾಡೋಕಾಗುತ್ತಾ?"

"ಮೇಲೆ ಭಾರ ಹೊರೋಕೆ ಲಿಂಟಲ್ ಇದೆ. ಕೆಳಗಿಂದು ಒಡೆದ್ರೆ ಆಯ್ತು. ಹಳೇ ಅಡಿಗೆಮನೆ ಬಾಗಿಲು ಹಿತ್ತಲಲ್ಲೇ ಬಿದ್ದಿದೆ, ಸ್ವಲ್ಪ ಕೆತ್ತಿ ಕೂರಿಸಬಹುದು." ಕರಣೆಯನ್ನು ಇಟ್ಟಿಗೆಯ ಮೇಲೆ ಒರೆಸಿದ. "ಆದ್ರೆ ಮನೆಯವರು..."

"ನಾನೂ ಮನೆಯವಳೇ," ಎಂದಳು ಪೀಟಿ ಅತ್ತೆ. "ಮನೆಯವರು ಹೇಳಿದ್ದು ಮಾಡಿದ್ರೆ ಸಾಕು ಅಂತ ಅಣ್ಣನೇ ಹೇಳಿದಾನಲ್ಲ. ಹೇಳ್ತಾ ಇದೀನಿ, ಮಾಡಿ."

"ಆಯ್ತು."

"ಮತ್ತೆ, ಯಾರಿಗೂ ಹೇಳ್ಬೇಡಿ. ಆಮೇಲೆ ನಾನೇ ಹೇಳ್ತೀನಿ."

ಮೇಸ್ತ್ರಿ ಮೊದಲ ಸಲ ನಕ್ಕ. ಏಲಕ್ಕಿ ಸಿಪ್ಪೆ ಕೆಳಗೆ ಬಿತ್ತು.

ಗೋಡೆ ಒಡೆಯುವುದನ್ನು ಗುಟ್ಟಾಗಿ ಮಾಡುವುದು ಸಾಧ್ಯವಿಲ್ಲ. ಮೊದಲ ಸುತ್ತಿಗೆ ಏಟಿಗೆ ಅಣ್ಣ ಮಧ್ಯಾಹ್ನದ ನಿದ್ದೆಯಿಂದ ಎದ್ದು ಪೈಪು ಒಡೆಯಿತೆಂದು ಬಚ್ಚಲಿಗೆ ಓಡಿದ. ಅತ್ತಿಗೆ ಕಪಾಟನ್ನು ತಬ್ಬಿಕೊಂಡಳು. ಸೊಸೆ ಟೀವಿಯ ಮುಂದೆ ಎರಡೂ ಕೈ ಅಗಲಿಸಿ ನಿಂತಳು. ಏಟು ತಮ್ಮ ಯಾರ ಗೋಡೆಗೂ ಅಲ್ಲ ಎಂದು ತಿಳಿದ ಮೇಲೆ ಎಲ್ಲರೂ ಓಣಿಗೆ ಬಂದರು. ಪೀಟಿ ಅತ್ತೆ ಮರಳ ಗುಡ್ಡೆಯ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಆಟದ ಮೈದಾನದಲ್ಲಿ ನಿಲ್ಲುತ್ತಿದ್ದ ಹಾಗೆ.

"ಏನೇ ಇದು? ಓಣಿಗೆ ಬಾಗಿಲಾ?" ಎಂದ ಅಣ್ಣ. "ನೋಡಿದವರು ಏನಂತಾರೆ? ತಂಗೀನ ಬೇರೆ ಮಾಡಿದ ಅಂತಾರೆ."

"ಸ್ಟೋರಿನಲ್ಲಿ ಇಟ್ಟ ಅನ್ನೋದಕ್ಕಿಂತ ವಾಸಿ."

"ಊಟಕ್ಕೆ ಬರೋದು ಹೇಗೆ? ಬೀದಿ ಸುತ್ತಿಕೊಂಡಾ?" ಎಂದಳು ಅತ್ತಿಗೆ.

"ಸುತ್ತಿಕೊಂಡೇ ಬರ್ತೀನಿ ಅತ್ತಿಗೆ. ಓಡಾಡಿದವಳೇ ನಾನು."

"ಮಳೆ ಬಂದ್ರೆ?"

"ಕೊಡೆ ಇದೆ. ಬೀರುವಿನಲ್ಲಿದೆ. ಬಾಗಿಲು ಆದ ತಕ್ಷಣ ತಗೋತೀನಿ."

ಮೊಮ್ಮಗಳು ಒಬ್ಬಳೇ ಬೇಸರಪಟ್ಟಳು. "ಇನ್ನು ಮೇಲೆ ಕಿಟಕಿಯಿಂದ ಹೋಗೋ ಹಾಗಿಲ್ಲ."

ಅಣ್ಣನಿಗೆ ಬೇರೆ ಏನೂ ತೋಚದೆ ಮೇಸ್ತ್ರಿಯ ಕಡೆ ತಿರುಗಿದ. "ನನ್ನನ್ನ ಒಂದು ಮಾತು ಕೇಳಿದ್ಯಾ?"

ಮೇಸ್ತ್ರಿ ಸುತ್ತಿಗೆ ಎತ್ತಿ ಇನ್ನೊಂದು ಏಟು ಹಾಕಿದ.

ಬಾಗಿಲು ಕೂತಿತು. ಹಿಡಿಕೆಯ ಸುತ್ತ ಅತ್ತಿಗೆಯ ಎಣ್ಣೆ ಕೈಯ ಕಲೆ ಹಾಗೇ ಇತ್ತು; ಬಣ್ಣ ಬಳಿದರೂ ಮತ್ತೆ ಮೇಲೆ ಬಂತು. ಕರ್ರೆನ್ನುವುದೂ ಹೋಗಲಿಲ್ಲ. ಒಳಗಡೆ ಹಿತ್ತಾಳೆ ಚಿಲಕವನ್ನು ಮೇಸ್ತ್ರಿ ತಾನೇ ಕೂರಿಸಿ, ಒಮ್ಮೆ ಜಾರಿಸಿ ನೋಡಿ, ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ.

ಮೊದಲ ಬೆಳಿಗ್ಗೆ ಪೀಟಿ ಅತ್ತೆ ಹಕ್ಕಿಯ ಕೂಗಿಗೆ ಎಚ್ಚರಗೊಂಡು ಎದ್ದು ಕೂತಳು. ಕಾಲು ನೆಲ ಮುಟ್ಟಿದ ಮೇಲೆ ನೆನಪಾಯಿತು: ಇಲ್ಲಿಂದ ಬೀದಿ ಬಾಗಿಲಿಗೆ ಮನೆಯೊಳಗಿಂದ ದಾರಿಯೇ ಇಲ್ಲ. ಮತ್ತೆ ಮಲಗಿದಳು.

ಹಕ್ಕಿ ಇನ್ನೊಮ್ಮೆ ಕೂಗಿತು. ಗೋಡೆಯಾಚೆ ಅಣ್ಣ, "ಗಂಟೆ ಹೊಡೀತಿದೆ," ಎಂದ.

"ಹೊಡೀತಿದೆ," ಎಂದಳು ಅತ್ತಿಗೆ.

ಮೇಲಿನಿಂದ ಸೊಸೆಯ ದನಿ ಬಂತು. "ಕೆಳಗೆ ಯಾರೂ ಇಲ್ವಾ?"

ಹಕ್ಕಿ ತಾನು ಕಲಿತದ್ದನ್ನೆಲ್ಲ ಕೂಗಿತು. ಕೊನೆಗೆ ಮಂಚ ಕಿರುಗುಟ್ಟಿತು, ಚಪ್ಪಲಿ ಎಳೆದುಕೊಂಡು ಹೋದ ಸದ್ದಾಯಿತು, ಬೀದಿ ಬಾಗಿಲು ತೆರೆಯಿತು. ಆಮೇಲೆ ಅದು ಧಡಾರೆಂದು ಮುಚ್ಚಿಕೊಂಡದ್ದು ಕೇಳಿಸಿತು. ಹೊಸ ಬಾಗಿಲು, ಎಳೆದರೆ ತಾನೇ ಬೀಗ ಬೀಳುವಂಥದ್ದು. ಅದು ಬೇಕೇ ಬೇಕೆಂದು ಹಟ ಹಿಡಿದವನು ಅಣ್ಣನೇ.

ಹಕ್ಕಿ ಮತ್ತೆ ಕೂಗಿತು, ಈ ಸಲ ಗಾಬರಿಯಿಂದ. ಅತ್ತಿಗೆಯ ಗೊರಕೆ ಅದಕ್ಕೆ ಉತ್ತರ ಕೊಟ್ಟಿತು. ಮೇಲಿನಿಂದ ಏನೂ ಇಲ್ಲ.

ಓಣಿಯಲ್ಲಿ ಚಪ್ಪಲಿ ಸದ್ದು ಹತ್ತಿರ ಬಂತು. ಅವಳ ಬಾಗಿಲನ್ನು ಯಾರೋ ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದರು.

"ಯಾರು?" ಎಂದಳು ಪೀಟಿ ಅತ್ತೆ.

"ನಾನು."

"ನಾನು ಅಂದ್ರೆ?"

"ನಾನು ಕಣೆ, ನಿನ್ನ ಅಣ್ಣ. ಬನಿಯನ್ನಲ್ಲಿ ನಿಂತಿದೀನಿ. ಎದುರುಮನೆಯವನು ನೋಡ್ತಾ ಇದಾನೆ."

"ಏನು ಬೇಕಿತ್ತು?"

"ಆಚೆ ಬಾಗಿಲು ಬಿದ್ದುಬಿಡ್ತು. ಒಳಗೆ ಹೋಗಬೇಕು."

"ಇಲ್ಲಿಂದ ಒಳಗೆ ಹೋಗೋಕೆ ದಾರಿ ಇಲ್ವಲ್ಲ ಅಣ್ಣ. ಮೂರು ಕಡೆನೂ ಮುಚ್ಚಿದೆ."

ಹೊರಗೆ ಹಾಲಿನ ಪ್ಯಾಕೆಟ್ಟು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಸದ್ದಾಯಿತು.

"ಸರಿ," ಎಂದ ಅಣ್ಣ. "ನಿನ್ನ ರೂಮಲ್ಲಿ ಸ್ವಲ್ಪ ಕೂರಬಹುದಾ?"

ಈ ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೇಳುವುದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ.

"ತಾಳು, ಬಂದೆ," ಎಂದಳು.

ಎದ್ದಳು. ಮಂಚದ ಹಾಸಿಗೆ ಸರಿಪಡಿಸಿದಳು, ಅದು ಸರಿಯಾಗಿಯೇ ಇತ್ತು. ಬೀರುವಿನ ಕನ್ನಡಿಯಲ್ಲಿ ತಲೆ ನೋಡಿಕೊಂಡಳು. ಮತ್ತೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಬಾಗಿಲ ಹತ್ತಿರ ಹೋಗಿ, ಚಿಲಕದ ಮೇಲೆ ಬೆರಳಿಟ್ಟು, ಸುಮ್ಮನೆ ಇನ್ನೂ ಸ್ವಲ್ಪ ಹೊತ್ತು ನಿಂತಳು.